ಹತ್ತರಿಂದ ಐದರ ಸರ್ವೆ

ನಾನು ಒಂದು ಸಣ್ಣ ನಗರ ವಿನ್ಯಾಸ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಫುಟ್‌ಪಾತ್ ಅಳೆಯುವುದು, ಜನರನ್ನು ಎಣಿಸುವುದು, ನಕ್ಷೆ ಬರೆಯುವುದು, ಕೊನೆಗೆ ಯಾರೂ ಪೂರ್ತಿ ಓದದ ವರದಿ ಕೊಡುವುದು. ಕೆಲವು ವರ್ಷಗಳ ಹಿಂದೆ ಬೆಂಗಳೂರು ಕೋಟೆ ಮತ್ತು ಟಿಪ್ಪುವಿನ ಬೇಸಿಗೆ ಅರಮನೆ ಸುತ್ತ ‘ಪ್ರವಾಸಿ ಸೌಕರ್ಯ’ದ ಸರ್ವೆ ನಮ್ಮ ಪಾಲಿಗೆ ಬಂತು. ಬೆಂಚು ಎಲ್ಲಿ ಬೇಕು, ನೆರಳು ಎಲ್ಲಿದೆ, ಕುಡಿಯುವ ನೀರು, ಶೌಚಾಲಯ. ಸುಲಭದ ಕೆಲಸ ಅಂದುಕೊಂಡೆ. ಅಲ್ಲಿ ನಾನು ಹೇಗೆ ಎಡವಿದೆ ಅನ್ನುವುದನ್ನು ನಮ್ಮ ಆಫೀಸಿಗೆ ಹೊಸದಾಗಿ ಸೇರುವವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಬರೆದಿಡುತ್ತಿದ್ದೇನೆ.

ಜಾಗ ಗೊತ್ತಿಲ್ಲದವರಿಗೆ ಎರಡು ಮಾತು. ಕೋಟೆ ನೋಡಲು ಬಂದವರು ಮೊದಲು ಕೇಳುವುದೇ ‘ಮಿಕ್ಕಿದ್ದು ಎಲ್ಲಿ?’ ಅಂತ. ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ ಕೋಟೆ ಅದು. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸ್‌ನ ಸೈನ್ಯ ಗೋಡೆ ಒಡೆದು ಒಳನುಗ್ಗಿತು. ಆಮೇಲೆ ಊರು ಬೆಳೆದ ಹಾಗೆ ಗೋಡೆ ಕರಗುತ್ತಾ ಹೋಯಿತು. ಆಸ್ಪತ್ರೆ ಬಂತು, ಸ್ಕೂಲು ಬಂತು, ರಸ್ತೆ ಬಂತು. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಆಸುಪಾಸಿನ ಚೂರು. ಅಲ್ಲಿಂದ ಸ್ವಲ್ಪ ನಡೆದರೆ ಮರದ ಕಂಬಗಳ ಅರಮನೆ. ಸುತ್ತ ಕೆ.ಆರ್. ಮಾರ್ಕೆಟ್, ಕಲಾಸಿಪಾಳ್ಯ ಬಸ್ ಸ್ಟ್ಯಾಂಡ್, ವಿಕ್ಟೋರಿಯಾ ಮತ್ತು ವಾಣಿವಿಲಾಸ ಆಸ್ಪತ್ರೆ. ಕೋಟೆ ನೋಡಲು ಬರುವವರಿಗಿಂತ ಅದರ ಪಕ್ಕದಲ್ಲಿ ದುಡಿಯುವವರು, ಹಾದುಹೋಗುವವರು ಎಷ್ಟೋ ಪಟ್ಟು ಜಾಸ್ತಿ.

ನಾವು ಸರ್ವೆ ಮಾಡಿದ್ದು ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಯಾಕೆ ಅಂತ ಯಾರೂ ಕೇಳಲಿಲ್ಲ. ಅರಮನೆ ತೆರೆದಿರುವುದು ಹಗಲಲ್ಲಿ, ನಮ್ಮ ಆಫೀಸೂ ಹಗಲಲ್ಲಿ. ಫಾರಂನ ಮೊದಲ ಪ್ರಶ್ನೆ ‘ನೀವು ಎಲ್ಲಿಂದ ಬಂದಿದ್ದೀರಿ?’ ಅಂತ. ಹೊರ ಊರು, ಹೊರ ರಾಜ್ಯ, ಹೊರ ದೇಶ. ದಿನಾ ಅಲ್ಲೇ ಕೂರುವವರಿಗೆ ಟಿಕ್ ಹಾಕಲು ಒಂದು ಚೌಕವೂ ಇರಲಿಲ್ಲ. ಫೋಟೋ ತೆಗೆದವನೂ ನಾನೇ. ಗೋಡೆ ಬುಡದ ಕೊಳೆತ ಬಾಳೆಲೆ, ಹೂವಿನ ಕಸದ ರಾಶಿ ಬೀಳದ ಹಾಗೆ ಕ್ಯಾಮೆರಾ ಮೇಲೆತ್ತಿ ಹಿಡಿದಿದ್ದೆ. ವರದಿಯಲ್ಲಿ ಕೋಟೆ ಬಹಳ ಚೆನ್ನಾಗಿ ಬಂದಿತ್ತು.

ಮೂರನೇ ದಿನ ಮಾರ್ಕೆಟ್ ಕಡೆಯ ಫುಟ್‌ಪಾತ್ ಅಗಲ ಅಳೆಯುತ್ತಿದ್ದಾಗ ಟೇಪು ಒಬ್ಬ ಹೂವಿನವರ ಬುಟ್ಟಿಗೆ ತಾಗಿತು. ಅವರು ತಲೆ ಎತ್ತದೆ ಕನಕಾಂಬರ ಕಟ್ಟುತ್ತಿದ್ದರು. ಒದ್ದೆ ಬಾಳೆನಾರು ಎಡಗೈ ಬೆರಳಿಗೆ ಸುತ್ತಿಕೊಂಡು, ಎರಡು ಹೂ ಈ ಕಡೆ, ಎರಡು ಹೂ ಆ ಕಡೆ, ಒಂದು ಗಂಟು. ಆಗಾಗ ಬಾಟಲಿಯಿಂದ ಅಂಗೈಗೆ ನೀರು ಸುರಿದುಕೊಂಡು ಹೂವಿಗೆ ಚಿಮುಕಿಸುತ್ತಿದ್ದರು. ಬಿಸಿಲು ಚುರುಗುಟ್ಟುತ್ತಿತ್ತು. ‘ಅಕ್ಕ, ನೀವೂ ಒಂದು ಗುಟುಕು ಕುಡೀರಿ’ ಅಂದೆ, ತಮಾಷೆಗೆ.

‘ಕುಡಿದ್ರೆ ಹೋಗ್ಬೇಕಲ್ಲಪ್ಪಾ’ ಅಂದರು.

ಬೆಳಗಿನ ಜಾವ ಮೂರೂವರೆಗೆ ಬರುತ್ತಾರಂತೆ. ಆಗ ಶೌಚಾಲಯಕ್ಕೆಲ್ಲ ಬೀಗ. ಬೆಳಕು ಹರಿದ ಮೇಲೆ ಹೋಗೋಣ ಅಂದರೆ ವ್ಯಾಪಾರ ಬಿಡುವ ಹಾಗಿಲ್ಲ, ಬುಟ್ಟಿ ನೋಡಿಕೊಳ್ಳುವವರಿಲ್ಲ. ಹೋದಾಗಲೆಲ್ಲ ದುಡ್ಡು ಬೇರೆ. ‘ಗಂಡಸ್ರಿಗೇನು, ಕೋಟೆ ಗೋಡೆ ಇದೆ’ ಅಂತ ಪಕ್ಕದವರು ಹೇಳಿದಾಗ ಇಬ್ಬರೂ ನಕ್ಕರು. ಆಮೇಲೆ ಅಕ್ಕ ನನ್ನ ಫಾರಂ ಕಡೆ ನೋಡಿ, ‘ನೀನು ಎಷ್ಟು ಹೊತ್ತಿಗೆ ಬರ್ತೀಯಾ?’ ಅಂದರು. ‘ಹತ್ತಕ್ಕೆ’ ಅಂದೆ. ‘ಅಷ್ಟೊತ್ತಿಗೆ ಮಾರ್ಕೆಟ್ ಮುಗೀತಲ್ಲ’ ಅಂದರು.

ಮಾರನೇ ದಿನ ನಾಲ್ಕು ಗಂಟೆಗೆ ಹೋದೆ. ನಾನು ಮೂರು ದಿನ ಅಳೆದ ಜಾಗ ಇದೇನಾ ಅನ್ನಿಸಿತು. ಲಾರಿ, ಟೆಂಪೋಗಳಿಂದ ಸೇವಂತಿಗೆ ಮೂಟೆ ಇಳಿಯುತ್ತಿತ್ತು. ಹಮಾಲರು ‘ದಾರಿ, ದಾರಿ’ ಅಂತ ಕೂಗುತ್ತಾ ಓಡುತ್ತಿದ್ದರು. ನಾನು ನಕ್ಷೆಯಲ್ಲಿ ‘ಖಾಲಿ ಜಾಗ, ಬೆಂಚಿಗೆ ಸೂಕ್ತ’ ಅಂತ ಬರೆದಿದ್ದ ಕಡೆ ಹನ್ನೆರಡು ಹೆಂಗಸರು ಗೋಣಿಚೀಲ ಹಾಸಿ ಕೂತಿದ್ದರು. ಹಿಂದಿನ ರಾತ್ರಿ ಒಂದು ಮಳೆ ಬಂದಿತ್ತು. ಕಪ್ಪು ನೀರು ಕಾಲಡಿಗೇ ಬಂದು ನಿಂತಿತ್ತು, ಬುಟ್ಟಿಗಳೆಲ್ಲ ಇಟ್ಟಿಗೆ ಮೇಲೆ. ಆ ಜಾಗಕ್ಕೆ ನೀರು ಬಂದು ನಿಲ್ಲುವುದರಲ್ಲಿ ಆಶ್ಚರ್ಯವೇನಿಲ್ಲ. ಮಾರ್ಕೆಟ್ ಎದ್ದದ್ದೇ ಸಿದ್ದಿಕಟ್ಟೆ ಕೆರೆ ಇದ್ದ ಕಡೆ. ಇನ್ನೊಂದು ವಿಷಯ. 1898ರ ಪ್ಲೇಗ್‌ನ ಆಸುಪಾಸಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳನ್ನು ಅಗಲ ರಸ್ತೆ, ಮನೆ ಹಿಂದೆ ಮಲ, ಕಸ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ ಇಟ್ಟು ಕಟ್ಟಿದರು. ಗಾಳಿ ಬೆಳಕು ಅಲ್ಲಿಗೆ ಹೋಯಿತು. ಪೇಟೆಯ ಇಕ್ಕಟ್ಟು ಪೇಟೆಯಲ್ಲೇ ಉಳಿಯಿತು. ಈಗ ನಾವು ಆ ಇಕ್ಕಟ್ಟನ್ನೇ ಹಳೇ ಬೆಂಗಳೂರಿನ ಸೊಗಸು ಅಂತ ಫೋಟೋ ತೆಗೆಯುತ್ತೇವೆ. ನಾನೂ ತೆಗೆದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆಫೀಸಿಗೆ ಬಂದು ರಾತ್ರಿಯೂ ತೆರೆದಿರುವ ಒಂದು ಶೌಚಾಲಯ, ಎರಡು ನಲ್ಲಿ ಅಂತ ವರದಿಗೆ ಸೇರಿಸಿದೆ. ಮೀಟಿಂಗ್‌ನಲ್ಲಿ ಹಿರಿಯರೊಬ್ಬರು ಒಂದೇ ಮಾತಲ್ಲಿ ಮುಗಿಸಿದರು. ‘ಸ್ಮಾರಕದಿಂದ ನೂರು ಮೀಟರ್ ಒಳಗೆ ಏನೂ ಕಟ್ಟೋ ಹಾಗಿಲ್ಲ, ಗೊತ್ತಿಲ್ವಾ?’ ಗೊತ್ತಿತ್ತು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಅದು. ಉಲ್ಲಂಘಿಸಿದರೆ ಎರಡು ವರ್ಷದವರೆಗೆ ಜೈಲು. ನಾನು ತೆಪ್ಪಗೆ ತಲೆಯಾಡಿಸಿ ಆ ಸಾಲು ತೆಗೆದು ಹಾಕಿದೆ. ನನ್ನ ದೊಡ್ಡ ತಪ್ಪು ಇದೇ. ಹೊತ್ತಿನ ವಿಷಯ ಬಿಡಿ, ಅದು ತಿಳಿಯದೆ ಆದದ್ದು. ಇಲ್ಲಿ ಮಾತ್ರ ನನಗೆ ಕಾಯ್ದೆಯ ಹೆಸರು ಗೊತ್ತಿತ್ತು, ಕಾಯ್ದೆ ಓದಿರಲಿಲ್ಲ.

ವರದಿ ಕೊಟ್ಟು ತಿಂಗಳಾದ ಮೇಲೆ ಬೇರೆ ಯಾವುದೋ ಕೆಲಸಕ್ಕೆ ಆ ಕಾಯ್ದೆ ತೆಗೆದೆ. ‘ನಿರ್ಮಾಣ’ ಅಂದರೆ ಏನು ಅಂತ ಅದರಲ್ಲೇ ವಿವರಿಸಿದ್ದಾರೆ. ಯಾವುದು ನಿರ್ಮಾಣ ಅಲ್ಲ ಅನ್ನುವುದನ್ನೂ ಬರೆದಿದ್ದಾರೆ. ಚರಂಡಿ ಕಟ್ಟುವುದು, ಚೊಕ್ಕ ಮಾಡುವುದು, ಸಾರ್ವಜನಿಕ ಶೌಚಾಲಯ, ಜನರಿಗೆ ನೀರು ಕೊಡುವ ಕೆಲಸ, ಕರೆಂಟು. ಇವು ಯಾವುವೂ ಆ ಕಾಯ್ದೆಯ ಲೆಕ್ಕದಲ್ಲಿ ನಿರ್ಮಾಣವೇ ಅಲ್ಲ. ಎರಡೆರಡು ಸಲ ಓದಿದೆ. ಸ್ಮಾರಕದ ಪಕ್ಕ ಮನುಷ್ಯರೂ ಬದುಕುತ್ತಾರೆ ಅಂತ ಕಾಯ್ದೆ ಬರೆದವರಿಗೆ ನೆನಪಿತ್ತು. ಸರ್ವೆ ಮಾಡಿದ ನಮಗೆ ಇರಲಿಲ್ಲ.

ಓದುವ ಹುಮ್ಮಸ್ಸಿನಲ್ಲಿ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯನ್ನೂ ತೆಗೆದೆ. ಅದರ ಅನುಬಂಧದಲ್ಲಿ ಒಂದು ಸಾಲಿದೆ. ಐವತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಬೀದಿ ವ್ಯಾಪಾರ ನಡೆಯುತ್ತಿರುವ ಸಹಜ ಮಾರುಕಟ್ಟೆಯನ್ನು, ಅಂದರೆ ತಾನಾಗಿ ಬೆಳೆದ ಮಾರುಕಟ್ಟೆಯನ್ನು, ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನ ವ್ಯಾಪಾರಿಗಳನ್ನು ಎಬ್ಬಿಸಬಾರದು ಅಂತ. ನಮ್ಮ ವರದಿಯಲ್ಲಿ ‘ಪರಂಪರೆ’ ಅನ್ನುವ ಪದ ಪುಟಪುಟಕ್ಕೂ ಇತ್ತು. ಆ ಹೂವಿನ ಅಕ್ಕ ಎಲ್ಲಿದ್ದರು ಗೊತ್ತಾ? ‘ಒತ್ತುವರಿ’ ಅನ್ನುವ ಪಟ್ಟಿಯಲ್ಲಿ.

ವರದಿ ವಾಪಸ್ ತೆಗೆದುಕೊಳ್ಳಲು ಆಗಲಿಲ್ಲ. ಶೌಚಾಲಯ ನಿರ್ಮಾಣ ಅಲ್ಲ ಅನ್ನುವ ಸ್ಮಾರಕ ಕಾಯ್ದೆಯ ಸಾಲನ್ನೇ ಇಟ್ಟು ಮೂರು ಪುಟದ ತಿದ್ದುಪಡಿ ಬರೆದು ಕಳಿಸಿದೆ. ನಮ್ಮ ಸರ್ ಸಹಿ ಹಾಕುವ ಮುಂಚೆ ‘ಇದಕ್ಕೆ ದುಡ್ಡು ಬರಲ್ಲ, ಗೊತ್ತಲ್ಲ’ ಅಂದರು. ಆದರೂ ಹಾಕಿದರು. ‘ತಲುಪಿದೆ’ ಅನ್ನುವ ಒಂದು ಮೇಲ್ ಬಂತು, ಅಷ್ಟೇ. ಫಾರಂ ಮಾತ್ರ ಬದಲಾಯಿತು. ಈಗ ಯಾವ ದೇವಸ್ಥಾನ, ಯಾವ ಅರಮನೆ ಸುತ್ತ ಸರ್ವೆ ಇದ್ದರೂ ಮೊದಲ ಪ್ರಶ್ನೆ ‘ಇಲ್ಲಿ ದಿನದ ಮೊದಲ ಮನುಷ್ಯ ಎಷ್ಟು ಹೊತ್ತಿಗೆ ಬರುತ್ತಾನೆ?’ ಅಂತ. ಹೊಸಬರು ಮುಖ ಸಿಂಡರಿಸುತ್ತಾರೆ, ಯಾಕೆಂದರೆ ಆ ಹೊತ್ತಿಗೆ ಅವರೂ ಹೋಗಬೇಕು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂ ತರಲು ಹೋಗಿದ್ದೆ. ಅಕ್ಕ ಗುರುತು ಹಿಡಿದರು. ಮೊಳ ಹಾಕುತ್ತಾ, ‘ಏನಪ್ಪಾ, ನಿನ್ನ ಕಕ್ಕಸ್ಸು ಎಲ್ಲಿಗೆ ಬಂತು?’ ಅಂದರು. ಕಾಗದ ಕಳಿಸಿದ್ದೇನೆ ಅಂದೆ. ಫೋನಿನಲ್ಲಿದ್ದ ನಕ್ಷೆ ತೆಗೆದು, ಇಲ್ಲಿ ಬರಲಿ ಅಂತ ಬರೆದಿದ್ದೇನೆ ಎಂದು ಬೆರಳಿಟ್ಟು ತೋರಿಸಿದೆ. ಅವರು ನಕ್ಷೆ ನೋಡಲಿಲ್ಲ. ನಾನು ಹೇಳಿದ ಮೂಲೆ ಕಡೆ ತಿರುಗಿ ನೋಡಿದರು.

‘ಅಲ್ಲಿ ಬೇಡ ಕಣಪ್ಪಾ. ಅಲ್ಲಿ ಲೈಟಿಲ್ಲ, ರಾತ್ರಿ ಹೆಂಗಸ್ರು ಯಾರೂ ಆ ಕಡೆ ಹೋಗಲ್ಲ. ಈ ಕಡೆ ಹಾಕ್ಸು’ ಅಂದರು.

ನಮ್ಮ ಫಾರಂನಲ್ಲಿ ಬೀದಿ ದೀಪದ ಕಾಲಂ ಇರಲೇ ಇಲ್ಲ.