ಸೋರೆ ಬುರುಡೆ ಗುರುತು ಸಿಗದ ಕನ್ನಡಿಗ

ಲಂಡನ್ನಿನ ಒಂದು ಸಣ್ಣ ಹರಾಜು ಕಂಪನಿಯಲ್ಲಿ ಕ್ಯಾಟಲಾಗ್ ಬರೆಯುವುದು ನನ್ನ ಕೆಲಸ. ಯಾರೋ ಹಿರಿಯರು ತೀರಿಕೊಳ್ಳುತ್ತಾರೆ, ಮನೆ ಖಾಲಿಯಾಗುತ್ತದೆ, ಪೆಟ್ಟಿಗೆಗಳು ನಮ್ಮ ನೆಲಮಾಳಿಗೆಗೆ ಬರುತ್ತವೆ. ಒಂದೊಂದು ವಸ್ತುವಿಗೂ ಎರಡು ಸಾಲು ಬರೆಯಬೇಕು. ಏನು, ಎಲ್ಲಿಯದು, ಯಾವ ಕಾಲದ್ದು, ಯಾವುದರಲ್ಲಿ ಮಾಡಿದ್ದು. ದಿನಕ್ಕೆ ಮೂವತ್ತು ನಲವತ್ತು ವಸ್ತು. ತಪ್ಪಾಗದೆ ಇರುತ್ತದಾ?

ಸೇರಿದ ಎರಡನೇ ವರ್ಷ ಒಂದು ಶೂ ಡಬ್ಬಿಯಲ್ಲಿ ಐದು ಪುಟ್ಟ ಶೀಸೆಗಳು ಬಂದವು. ಅಂಗೈಯಲ್ಲಿ ಕೂರುವಷ್ಟು ಗಾತ್ರ. ಕಪ್ಪುಗೆಂಪು ಬಣ್ಣ, ಕೈಯಾಡಿ ಆಡಿ ಬಂದ ಹೊಳಪು. ಕತ್ತಿಗೆ ಬಿಳಿ ಲೋಹದ ಪಟ್ಟಿ, ಬಿರಡೆಗೆ ರೇಷ್ಮೆ ಕುಚ್ಚು. ನಾನು ಬರೆದೆ: ‘ಚೀನಾದ ನಶ್ಯದ ಶೀಸೆಗಳು, ಮರ ಮತ್ತು ಬೆಳ್ಳಿ, ಚಮಚ ಕಳೆದುಹೋಗಿದೆ.’ ಒಂದೇ ಸಾಲಿನಲ್ಲಿ ಐದು ತಪ್ಪು.

ಹರಾಜಿಗೆ ಮುಂಚೆ ಜನ ಬಂದು ವಸ್ತು ನೋಡುವ ದಿನ ಒಬ್ಬ ವಯಸ್ಸಾದವರು ಬಂದರು. ಮಧ್ಯ ಏಷ್ಯಾದ ವಸ್ತುಗಳನ್ನು ಬಹಳ ವರ್ಷದಿಂದ ಕೂಡಿಸುತ್ತಿದ್ದವರು. ನನ್ನ ಚೀಟಿ ಓದಿ ನಕ್ಕರು. ಬಿರಡೆ ತೆಗೆದು, ಶೀಸೆ ಬಗ್ಗಿಸಿ, ಅಂಗೈಗೆ ಏನೋ ಉದುರಿಸಿಕೊಂಡ ಹಾಗೆ ಮಾಡಿದರು. ಆಮೇಲೆ ಬಾಯಿ ತೆರೆದು ನಾಲಿಗೆ ಎತ್ತಿ ಅದರಡಿ ತೋರಿಸಿದರು. ಮೂಗಲ್ಲ, ಬಾಯಿ!

ಇದು ‘ನಸ್’ ಇಡುವ ಶೀಸೆ. ತಂಬಾಕಿನ ಪುಡಿಗೆ ಸುಣ್ಣ ಇಲ್ಲವೇ ಬೂದಿ ಬೆರೆಸಿದ ಹಸಿರು ಬಣ್ಣದ ಮಿಶ್ರಣವೇ ನಸ್. ನಾಲಿಗೆಯಡಿ ಅಥವಾ ತುಟಿಯೊಳಗೆ ಇಟ್ಟುಕೊಳ್ಳುತ್ತಾರೆ. ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ದವಡೆಗೆ ಒತ್ತರಿಸುವವರನ್ನು ನೋಡುತ್ತಲೇ ಬೆಳೆದವನು ನಾನು. ಇಂಗ್ಲಿಷಿನವರು ಇದಕ್ಕೂ ನಶ್ಯ ಅಂದುಬಿಟ್ಟಿದ್ದಾರೆ, ನಾನೂ ಮೂಗಿನ ಕಡೆಗೇ ಹೋದೆ. ಚೀನಾದವರದು ನಿಜವಾದ ನಶ್ಯ. ಅವರ ಶೀಸೆ ಹೆಚ್ಚಾಗಿ ಗಾಜು, ಪಿಂಗಾಣಿ, ಕಲ್ಲಿನದು, ಬಿರಡೆಯಡಿ ಪುಟಾಣಿ ಚಮಚ ಅಂಟಿರುತ್ತದೆ. ಅಂಗೈಗೆ ಸುರಿದುಕೊಳ್ಳುವವನಿಗೆ ಚಮಚ ಯಾಕೆ? ಅದು ಕಳೆದುಹೋಗಿರಲಿಲ್ಲ, ಇರಲೇ ಇಲ್ಲ.

ನನಗೆ ನಿಜವಾಗಿ ನಾಚಿಕೆಯಾಗಿದ್ದು ಮರ ಅಂತ ಬರೆದದ್ದಕ್ಕೆ. ಅದು ಸೋರೆಕಾಯಿ ಕಣ್ರೀ! ಅಜ್ಜಿಯ ಮನೆಯ ಅಟ್ಟದಲ್ಲಿ ಬೀಜ ಇಡಲು ಇದ್ದ ಸೋರೆ ಬುರುಡೆಯ ಪುಟ್ಟ ತಮ್ಮ. ತುರ್ಕ್‌ಮೆನ್ ಭಾಷೆಯಲ್ಲಿ ‘ಕ್ಯಾದಿ’, ಪರ್ಷಿಯನ್‌ನಲ್ಲಿ ‘ಕದು’. ಹಿಂದಿಯ ಕದ್ದು ನೆನಪಾಗುತ್ತದೆ, ಅಲ್ವಾ? ಕೈಗೆತ್ತಿಕೊಂಡರೆ ಏನೂ ಭಾರವೇ ಇಲ್ಲ. ಕಡೆದ ಮರದ ಮೇಲೆ ನಾರಿನ ಗೆರೆ ಕಾಣುತ್ತದೆ, ಒಳಗೆ ಉಳಿಯ ಸುತ್ತು ಕಾಣುತ್ತದೆ. ಬುರುಡೆಗೆ ಎರಡೂ ಇಲ್ಲ. ಒಂದು ಕಡೆ ಸ್ವಲ್ಪ ಸೊಟ್ಟಗಿರುತ್ತದೆ. ತಳದಲ್ಲಿ ಹೂವು ಉದುರಿದ ಗುರುತು ಇರುತ್ತದೆ. ಅದರ ಮೇಲೆ ಎಷ್ಟೋ ಸಲ ಹೂವಿನ ಆಕಾರದ ಲೋಹದ ಬಿಲ್ಲೆ ಕೂರಿಸಿರುತ್ತಾರೆ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ನಕಲಿಗೆ ಎರಡು ಅರ್ಧ ಸೇರಿದ ಗೆರೆ ಇರುತ್ತದೆ, ಉಗುರಿಗೇ ತಗಲುತ್ತದೆ.

ಬೆಳ್ಳಿಯ ಮಾತು ದೊಡ್ಡದು, ಯಾಕೆಂದರೆ ಅಲ್ಲಿ ಕಾನೂನು ಬರುತ್ತದೆ. ಬ್ರಿಟನ್ನಿನಲ್ಲಿ 1973ರ ಹಾಲ್‌ಮಾರ್ಕ್ ಕಾಯಿದೆ ಪ್ರಕಾರ 7.78 ಗ್ರಾಂ ಮೀರಿದ, ಮುದ್ರೆ ಇಲ್ಲದ ವಸ್ತುವನ್ನು ಬೆಳ್ಳಿ ಅಂತ ಮಾರುವ ಹಾಗಿಲ್ಲ. 1950ಕ್ಕಿಂತ ಹಿಂದಿನದಾದರೆ ವಿನಾಯಿತಿ ಇದೆ, ಆದರೆ ಸಾವಿರಕ್ಕೆ 800 ಪಾಲಾದರೂ ಬೆಳ್ಳಿ ಇರಬೇಕು. ಅದಕ್ಕೇ ಹಳಬರು ಅನುಮಾನ ಬಂದರೆ ‘ಬಿಳಿ ಲೋಹ’ ಅಂತ ಬರೆದು ಸುಮ್ನಾಗುತ್ತಾರೆ. ನಾನು ಹುಮ್ಮಸ್ಸಿನಲ್ಲಿ ಬೆಳ್ಳಿ ಅಂದಿದ್ದೆ. ಲೋಹದಲ್ಲಿ ಏನೇನಿದೆ ಅಂತ ತಿಳಿಸುವ ಎಕ್ಸ್‌ರೇ ಯಂತ್ರಕ್ಕೆ ಕೊಟ್ಟು ನೋಡಿದರೆ ಐದರಲ್ಲಿ ಮೂರಕ್ಕೆ ತಾಮ್ರ, ಸತು, ನಿಕ್ಕಲ್. ನಮ್ಮೂರ ಪಾತ್ರೆ ಅಂಗಡಿಯ ಅದೇ ಜರ್ಮನ್ ಸಿಲ್ವರ್! ಹೆಸರಿನಲ್ಲಿ ಬಿಟ್ಟರೆ ಬೆಳ್ಳಿ ಒಂದು ಚೂರೂ ಇಲ್ಲ.

ಆ ಮೂರರಲ್ಲಿ ಒಂದರ ಬುರುಡೆ ಮಾತ್ರ ತುಂಬಾ ಹಳೆಯದು. ಹಳೆ ಬುರುಡೆಗೆ ಹೊಸ ಲೋಹ ತೊಡಿಸಿದ್ದಾರೆ. ನಮ್ಮ ವ್ಯಾಪಾರದಲ್ಲಿ ಇದಕ್ಕೆ ‘ಮದುವೆ’ ಅನ್ನುತ್ತಾರೆ. ಹೊಂದಿಕೆ ಇಲ್ಲದ ಮದುವೆ ಪತ್ತೆಯಾಗುವುದು ಸವೆತದಲ್ಲಿ. ದಿನಾ ಜೇಬಿನಿಂದ ತೆಗೆದ ಶೀಸೆಯಲ್ಲಿ ಬೆರಳು ಹಿಡಿಯುವ ಜಾಗ ನುಣ್ಣಗಾಗಿರುತ್ತದೆ, ಪಕ್ಕದ ಲೋಹದ ಕೆತ್ತನೆಯೂ ಅಲ್ಲೇ ಅಳಿಸಿರುತ್ತದೆ. ಬುರುಡೆ ಸವೆದು ಪಟ್ಟಿ ಚೂಪಾಗಿಯೇ ಇದ್ದರೆ ಅನುಮಾನ ಪಡಿ. ಬಿರುಕಿಗೆ ತಂತಿ ಹೊಲಿಗೆ ಹಾಕಿದ್ದರೆ ನನಗೆ ಖುಷಿ. ಮಾರಲು ಮಾಡಿದ ನಕಲಿಗೆ ಅಷ್ಟು ಪ್ರೀತಿಯಿಂದ ರಿಪೇರಿ ಮಾಡುವವರು ಕಡಿಮೆ.

ಇನ್ನು ಮಾರುವವರು ಇಂಥ ಶೀಸೆಗೆ ಅಂಟಿಸುವ ‘ತುರ್ಕ್‌ಮೆನ್’ ಅನ್ನುವ ಪದ. ಉಜ್ಬೆಕರು, ತಾಜಿಕರು ಕೂಡ ಇಂಥದೇ ಬುರುಡೆ ಬಳಸಿದವರು. ಬುರುಡೆ ನೋಡಿ ಬುಡಕಟ್ಟು ಹೇಳಲು ಆಗುವುದಿಲ್ಲ, ಲೋಹದ ಕೆಲಸ ಮಾತಾಡಬೇಕು. ತುರ್ಕ್‌ಮೆನ್ನರಲ್ಲಿ ತೆಕೆ ಬುಡಕಟ್ಟಿನ ಅಕ್ಕಸಾಲಿಗರದು ಬೆಳ್ಳಿಯ ಮೇಲೆ ಚಿನ್ನ ಲೇಪಿಸಿದ ಬಳ್ಳಿ ಚಿತ್ತಾರ, ನಡುವೆ ಕೆಂಪು ಅಕೀಕ್ ಕಲ್ಲು. ಅವರದೇ ಇನ್ನೊಂದು ಬುಡಕಟ್ಟಾದ ಯೋಮುತರದು ಅಚ್ಚೊತ್ತಿದ ಚಿನ್ನದ ಲೇಪದ ತೆಳು ತುಂಡುಗಳನ್ನು ಬೆಳ್ಳಿಗೆ ಬೆಸೆದದ್ದು. ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು, ಕಾಯಿಸಿ ಕೂರಿಸುತ್ತಿದ್ದರು. ಆ ಲೇಪ ದಪ್ಪಗಿರುತ್ತದೆ, ಉಬ್ಬಿದ ಕಡೆ ಮೊದಲು ಸವೆಯುತ್ತದೆ. ಕಲ್ಲಿನ ಬದಲು ಕೆಂಪು ಗಾಜಾದರೆ ಹತ್ತು ಪಟ್ಟಿನ ಮಸೂರದಲ್ಲಿ ಗಾಳಿಗುಳ್ಳೆ ಕಾಣಬಹುದು. ಇದ್ಯಾವುದೂ ಇಲ್ಲದಿದ್ದರೆ ‘ಮಧ್ಯ ಏಷ್ಯಾ’ ಅಂತ ಬರೆಯಿರಿ, ಸಾಕು. ಹೆಸರು ಸೇರಿಸಿದರೆ ಬೆಲೆ ಏರುತ್ತದೆ ಅನ್ನುವ ಆಸೆ ಮಾರುವವರಿಗೆ ಇದ್ದೇ ಇರುತ್ತದೆ.

ಮಾಡಿದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಫೋಟೋ ಚೆನ್ನಾಗಿ ಬರಲಿ ಅಂತ ಎರಡು ಶೀಸೆಗಳ ಒಳಗೆ ನೀರು ಹಾಕಿ ಕುಲುಕಿ ತೊಳೆದಿದ್ದೆ. ಒಳಗೆ ಅಂಟಿದ್ದ ಹಸಿರು ಗಟ್ಟಿ ಪುಡಿ, ಸುಣ್ಣದ ಬಿಳಿ, ಎಲ್ಲ ಸಿಂಕಿಗೆ. ಅವು ಬಳಕೆಯಲ್ಲಿದ್ದವು ಅನ್ನುವುದಕ್ಕೆ ಇದ್ದ ಒಳ್ಳೆಯ ಸಾಕ್ಷಿಯೇ ಅದು. ಆ ಹಿರಿಯರು ಮೂಸಿ ನೋಡಿ, “ಸೋಪು ಹಾಕಿದ್ದೀರಾ?” ಅಂದರು. ಹಾಕಿದ್ದೆ.

ಚೀಟಿ ತಿದ್ದಿ ಮತ್ತೆ ಮುದ್ರಿಸಿದೆವು: ‘ಮಧ್ಯ ಏಷ್ಯಾ, ನಸ್ ಇಡುವ ಐದು ಸೋರೆ ಬುರುಡೆ ಶೀಸೆಗಳು, ಬಿಳಿ ಲೋಹದ ಪಟ್ಟಿ, ಕೆಲವು ಪಟ್ಟಿಗಳು ಈಚಿನವು.’ ಅವರೇ ಕೊಂಡರು, ಅದೂ ನಾನು ಮೊದಲು ಅಂದಾಜಿಸಿದ್ದಕ್ಕಿಂತ ಕಡಿಮೆ ಬೆಲೆಗೆ. ತೊಳೆಯದೆ ಉಳಿದಿದ್ದ ಮೂರನ್ನು ಹತ್ತಿಯಲ್ಲಿ ಸುತ್ತಿ ಒಳಜೇಬಿಗೆ ಹಾಕಿಕೊಂಡರು. ತೊಳೆದ ಎರಡು ಶೂ ಡಬ್ಬಿಯಲ್ಲೇ ಹೋದವು.