ಸೂಜಿಯ ತೂತುಗಳು

ಇಂದು ಸಂಜೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ, ವಿದ್ಯಾರ್ಥಿಗಳ ಕಲಾಪ್ರದರ್ಶನವೊಂದರಲ್ಲಿ, ಹಳೆಯ ಮೇಜುಬಟ್ಟೆಯೊಂದರ ಮುಂದೆ ಬಹಳ ಹೊತ್ತು ನಿಂತುಬಿಟ್ಟೆ.

1989ರ ಅಕ್ಟೋಬರ್ 9ರಂದು ಆಗ ಪೂರ್ವ ಜರ್ಮನಿಯಲ್ಲಿದ್ದ ಇದೇ ಊರಿನ ಬೀದಿಗಳಲ್ಲಿ, ಅಲ್ಲಿನ ಕಮ್ಯುನಿಸ್ಟ್ ಆಡಳಿತದ ವಿರುದ್ಧ, ಸುಮಾರು 70,000 ಮಂದಿ ಕೂಗಿದ 'ವಿಯರ್ ಜಿಂಡ್ ದಾಸ್ ಫೋಲ್ಕ್', ಅಂದರೆ 'ಜನ ಎಂದರೆ ನಾವೇ' ಎಂಬ ಘೋಷಣೆಯನ್ನು ವಿದ್ಯಾರ್ಥಿನಿಯೊಬ್ಬಳು ಕೆಂಪು ದಾರದಲ್ಲಿ ಕಸೂತಿ ಹಾಕಿ, ಆಮೇಲೆ 'ದಾಸ್' ಪದವನ್ನಷ್ಟೇ ಬಿಚ್ಚಿ ಅಲ್ಲಿ 'ಐನ್', ಅಂದರೆ 'ಒಂದು', ಎಂದು ಹೊಲಿದಿದ್ದಾಳೆ. ಬರ್ಲಿನ್ ಗೋಡೆ ಬಿದ್ದ ಮೇಲೆ ಆ ಘೋಷಣೆ 'ನಾವು ಒಂದೇ ಜನ' ಎಂದು ಬದಲಾದದ್ದು ಇದೊಂದು ಪದದಿಂದಲೇ. ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳು ಹಾಗೆಯೇ ಉಳಿದಿವೆ.

1990ರಲ್ಲಿ ಪೂರ್ವ ಮತ್ತು ಪಶ್ಚಿಮ ಜರ್ಮನಿ ಒಂದಾದಾಗ ಆಕೆ ಹುಟ್ಟಿಯೇ ಇರಲಿಲ್ಲ. ಬಟ್ಟೆ ಮಾತ್ರ, ಏಕೀಕರಣದ ನಂತರ ಮುಚ್ಚಿಹೋದ ಕಾರ್ಖಾನೆಯಲ್ಲಿ ದುಡಿದಿದ್ದ ಅವಳ ಅಜ್ಜಿಯದು. ಒಂದಾದ ಸಂತೋಷವನ್ನೂ ಅದರೊಳಗೆ ಕ್ಷೀಣಿಸಿದ ದನಿಯನ್ನೂ ಇಷ್ಟು ಪ್ರಾಮಾಣಿಕವಾಗಿ ಒಂದೆಡೆ ಇಟ್ಟದ್ದು ನನ್ನ ಮನಸ್ಸನ್ನು ತಟ್ಟಿತು. ಹೊರಡುವ ಮುನ್ನ ಹಿಂಬದಿಯನ್ನೂ ನೋಡಿದೆ: ಬಿಚ್ಚಿದ ದಾರವನ್ನು ಆಕೆ ಕತ್ತರಿಸದೆ, ಗಂಟು ಹಾಕಿ ಉಳಿಸಿಕೊಂಡಿದ್ದಾಳೆ.