ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ

ನಮ್ಮ ಗೈಡ್ ಕಾಕಾ ಅವರ ಬಲಗಾಲಿನ ಬೂಟಿಗೆ ಹಿಮ್ಮಡಿಯ ಹತ್ತಿರ ನೀಲಿ ನೈಲಾನ್ ದಾರದಲ್ಲಿ ಹೊಲಿಗೆ ಹಾಕಿತ್ತು. ಏಳು ಹೊಲಿಗೆ. ಆ ರಾತ್ರಿ ಸುಮಾರು ಮೂರು ಗಂಟೆ ಹೊತ್ತು ನಾನು ನೋಡಿದ್ದು ಅದೊಂದನ್ನೇ. ತಲೆಗೆ ಕಟ್ಟಿಕೊಂಡ ಟಾರ್ಚಿನ ಬೆಳಕು ಒಂದು ಮೊರದಷ್ಟು ಅಗಲ ಬೀಳುತ್ತಿತ್ತು. ಅದರೊಳಗೆ ಬೂಟು ಬರುತ್ತಿತ್ತು, ಊರುತ್ತಿತ್ತು, ಏಳುತ್ತಿತ್ತು. ಅದು ಎದ್ದ ಜಾಗದಲ್ಲಿ ನಾನು ಕಾಲಿಡುತ್ತಿದ್ದೆ. ಹೆಜ್ಜೆಗೊಂದು ಉಸಿರು. ಕೆಲವೊಮ್ಮೆ ಎರಡು. ನನ್ನ ಹಿಂದೆ ಮಗಳು, ಅವಳ ಹಿಂದೆ ಸಹಾಯಕ ಗೈಡ್. ಸುತ್ತ ಕತ್ತಲು, ಕೆಳಗೆ ತುಂಬಾ ದೂರದಲ್ಲಿ ಮೋಶಿ ಊರಿನ ದೀಪಗಳು.

ನಾವು ಕಿಲಿಮಂಜಾರೊ ಹತ್ತುತ್ತಿದ್ದೆವು. ಟಾಂಜಾನಿಯಾದ ಈ ಬೆಟ್ಟ 5,895 ಮೀಟರ್, ಆಫ್ರಿಕಾದಲ್ಲೇ ಎತ್ತರ. ಅದರ ತುದಿಗೆ ಉಹುರು ಅಂತ ಹೆಸರು, ಅಂದರೆ ಸ್ವಾತಂತ್ರ್ಯ. ಮಾಮೂಲಿ ದಾರಿಗಳಲ್ಲಿ ಹಗ್ಗ, ಕೊಕ್ಕೆ ಬೇಕಾಗಿಲ್ಲ, ನಡೆದೇ ಹತ್ತಬಹುದು. ಆದರೆ ಗೈಡ್ ಇಲ್ಲದೆ ಯಾರನ್ನೂ ಮೇಲೆ ಬಿಡುವುದಿಲ್ಲ. ಯಾಕೆ ಬಿಡುವುದಿಲ್ಲ ಅನ್ನೋದು ಆ ರಾತ್ರಿ ನನಗೆ ಅರ್ಥವಾಯ್ತು.

ನನಗೆ ಆಗ 56 ವರ್ಷ. ತುಮಕೂರಿನಲ್ಲಿ ಬ್ಯಾಂಕ್ ಕೆಲಸದಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ವರ್ಷವಾಗಿತ್ತು. ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. 21 ಕಿಲೋಮೀಟರ್ ಓಟಗಳಲ್ಲಿ ಓಡುವವಳು. ಭಾನುವಾರ ಬಂತೆಂದರೆ ಇಬ್ಬರೂ ಶಿವಗಂಗೆಯನ್ನೋ ದೇವರಾಯನದುರ್ಗವನ್ನೋ ಹತ್ತಿ ಇಳಿಯುತ್ತಿದ್ದೆವು. ಕುಮಾರಪರ್ವತಕ್ಕೂ ಒಮ್ಮೆ ಹೋಗಿ ಬಂದೆವು. ಅವಳು ಮುಂದೆ, ನಾನು ಹಿಂದೆ. ಅರ್ಧ ದಾರಿಯಲ್ಲಿ ಯಾರಾದರೂ ವಾಪಸ್ ಬರಬೇಕಾಗಿ ಬಂದರೆ ಅದು ನಾನೇ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಫೆಬ್ರವರಿಯಲ್ಲಿ ಹೋದೆವು. ಮಚಾಮೆ ಗೇಟಿನಿಂದ ನಡಿಗೆ ಶುರು. ಆ ಗೇಟೇ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 1,930. ಅಂದರೆ ನಮ್ಮ ರಾಜ್ಯದ ಅತಿ ಎತ್ತರದ ಜಾಗ ಹೆಚ್ಚುಕಡಿಮೆ ಎಲ್ಲಿ ಮುಗಿಯುತ್ತೋ, ಅಲ್ಲಿಂದ ಇಲ್ಲಿ ಮೊದಲ ಹೆಜ್ಜೆ.

ಗೇಟಿನಲ್ಲಿ ಪೋರ್ಟರುಗಳ ಮೂಟೆಗಳನ್ನು ತೂಕಕ್ಕೆ ಹಾಕುತ್ತಿದ್ದರು. ಒಬ್ಬರು 20 ಕಿಲೋಗಿಂತ ಜಾಸ್ತಿ ಹೊರುವ ಹಾಗಿಲ್ಲ. ಟೆಂಟು, ಗ್ಯಾಸ್ ಸಿಲಿಂಡರ್, ಕುರ್ಚಿ, ಮೊಟ್ಟೆಯ ಟ್ರೇ, ನಮ್ಮ ಬಟ್ಟೆಯ ಚೀಲ ಎಲ್ಲವೂ ಅವರ ಬೆನ್ನು, ತಲೆಗಳ ಮೇಲೆ. ನಾವಿಬ್ಬರು ಬೆಟ್ಟ ಹತ್ತಲು ಹತ್ತು ಜನ ಹೊರಟಿದ್ದರು: ಮುಖ್ಯ ಗೈಡ್, ಸಹಾಯಕ ಗೈಡ್, ಅಡುಗೆಯವರು, ಏಳು ಪೋರ್ಟರುಗಳು. ನನಗೆ ಮನಸ್ಸಿಗೆ ಒಂಥರಾ ಕಸಿವಿಸಿ ಆಯ್ತು. ಚೀಲದಲ್ಲಿ ಬೇಕಿಲ್ಲದ ಎರಡು ಸ್ವೆಟರ್, ಒಂದು ಶಾಂಪೂ ಬಾಟಲಿ ಇದ್ದವು. ತೆಗೆದು ಗಾಡಿಯಲ್ಲೇ ಬಿಟ್ಟೆ. ಇವತ್ತಿಗೂ ಯಾರಾದರೂ ಅಲ್ಲಿಗೆ ಹೋಗ್ತೀನಿ ಅಂದರೆ ನಾನು ಹೇಳುವ ಮೊದಲ ಮಾತು ಇದು. ನಿಮ್ಮ ಚೀಲ ಹೊರುವುದು ಇನ್ನೊಬ್ಬರ ತಲೆ. ಯೋಚಿಸಿ ತುಂಬಿ.

ಮುಖ್ಯ ಗೈಡನ್ನು ಎಲ್ಲರೂ ಕಾಕಾ ಅಂತ ಕರೆಯುತ್ತಿದ್ದರು. ಸ್ವಾಹಿಲಿಯಲ್ಲಿ ಅಣ್ಣ ಅಂತ ಅರ್ಥ. ನಾವೂ ಹಾಗೇ ಕರೆದೆವು. ಅವರು ನನ್ನನ್ನು ಮಾಮಾ ಅನ್ನುತ್ತಿದ್ದರು, ನಮ್ಮಲ್ಲಿ ದೊಡ್ಡವರನ್ನು ಅಮ್ಮ ಅನ್ನುವ ಹಾಗೆ. ಮಗಳನ್ನು ದಾದಾ ಅನ್ನುತ್ತಿದ್ದರು. ದಾದಾ ಅಂದರೆ ಅಕ್ಕ, ತಂಗಿ! ಆ ಭಾಷೆಯಲ್ಲಿ ನಡೆದಷ್ಟು ದೂರವೂ ಪರಿಚಯದ ಪದಗಳು ಸಿಗುತ್ತಿದ್ದವು. ಸೋಪು ಸಾಬುನಿ, ಗಾಳಿ ಹೇವಾ, ಬಣ್ಣ ರಂಗಿ, ದುಡ್ಡು ಪೇಸಾ. ಕೊನೆಯ ಕ್ಯಾಂಪಿನ ಹೆಸರು ಬರಾಫು, ಅಂದರೆ ಬರ್ಫೇ. ಅರಬ್ಬರು, ಪರ್ಷಿಯನ್ನರು, ನಮ್ಮ ಕಡೆಯ ವ್ಯಾಪಾರಿಗಳು ಸಮುದ್ರ ದಾಟಿ ಓಡಾಡಿದ್ದರ ಗುರುತು ಇವೆಲ್ಲ.

ಎರಡನೇ ದಿನ ಬೆಳಿಗ್ಗೆ ತಿಂಡಿಗೆ ಮೊದಲು ಒಂದು ಬಟ್ಟಲು ಗಂಜಿ ಬಂತು. ಅಲ್ಲಿ ಅದಕ್ಕೆ ಉಜಿ ಅನ್ನುತ್ತಾರೆ. ಕಂದು ಬಣ್ಣ, ಸ್ವಲ್ಪ ಸಕ್ಕರೆ. ಬಟ್ಟಲು ಮೂಗಿನ ಹತ್ತಿರ ತಂದ ಕೂಡಲೇ ನನಗೆ ಗೊತ್ತಾಗಿಹೋಯ್ತು. ಹುರಿದ ಮಣ್ಣಿನಂಥ ಆ ವಾಸನೆ ಇನ್ನಾವ ಹಿಟ್ಟಿಗೂ ಇಲ್ಲ. ಅಡುಗೆ ಟೆಂಟಿಗೆ ಹೋಗಿ ಹಿಟ್ಟು ತೋರಿಸಿ ಅಂದೆ. ಅಡುಗೆಯವರು ಒಂದು ಹಿಡಿ ತಂದು ಅಂಗೈ ಮೇಲೆ ಹಾಕಿದರು. ರಾಗಿ! ಅವರ ಮಾತಿನಲ್ಲಿ ಉಲೇಜಿ. ನಮ್ಮ ಊರಲ್ಲಿ ಇದನ್ನೇ ಮುದ್ದೆ ಮಾಡ್ತೀವಿ, ಅಂಬಲಿ ಮಾಡ್ತೀವಿ, ಮಗುವಿಗೆ ಮೊದಲ ಊಟ ಇದೇ ಅಂದೆ. ಇಲ್ಲೂ ಮಗುವಿಗೆ ಇದನ್ನೇ ಕೊಡೋದು ಅಂದರು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲವೇ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂದ ಧಾನ್ಯ ಅದು. ಈ ಬೆಟ್ಟದ ಬುಡದ ಚಾಗಾ ಜನ ಬಾಳೆಹಣ್ಣು ಮತ್ತು ರಾಗಿ ಸೇರಿಸಿ ಎಂಬೆಗೆ ಅನ್ನೋ ಹೆಂಡ ಮಾಡುತ್ತಾರೆ, ಮದುವೆಗೂ ಬೇಕು, ಸಾವಿಗೂ ಬೇಕು. ತುಮಕೂರಿನ ಹೊಲದ ಬೆಳೆಯ ತವರುಮನೆಗೆ ನಾನು ಬಂದಿದ್ದೀನಿ ಅನ್ನಿಸಿ ಕಣ್ಣು ತುಂಬಿ ಬಂತು. ಮಾರನೇ ದಿನದಿಂದ ನನ್ನ ಬಟ್ಟಲಿಗೆ ಸಕ್ಕರೆ ಬೇಡ, ಉಪ್ಪು ಹಾಕಿ ಅಂತ ಹೇಳಿದೆ.

ದಾರಿಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮೊದಲ ದಿನ ಪೂರ್ತಿ ಮಳೆಕಾಡು, ಕಾಲಡಿ ಕೆಸರು. ದಾರಿ ಬದಿಯಲ್ಲಿ ಆನೆಯ ಸೊಂಡಿಲಿನ ಹಾಗೆ ಬಾಗಿದ ಕೆಂಪು ಹಳದಿಯ ಪುಟ್ಟ ಹೂವು. ಈ ಬೆಟ್ಟ ಬಿಟ್ಟರೆ ಬೇರೆಲ್ಲೂ ಬೆಳೆಯುವುದಿಲ್ಲವಂತೆ. ಮೇಲೆ ಹೋದ ಹಾಗೆ ಮರ ಗಿಡವಾಯ್ತು, ಗಿಡ ಹುಲ್ಲಾಯ್ತು, ಆಮೇಲೆ ಬರೀ ಕಲ್ಲು. ಮೂರನೇ ದಿನ ಲಾವಾ ಟವರ್ ಅನ್ನೋ ಬಂಡೆಯವರೆಗೆ, ಸುಮಾರು 4,600 ಮೀಟರ್ ಹತ್ತಿಸಿ, ಮತ್ತೆ 650 ಮೀಟರ್ ಇಳಿಸಿ ಬರಾಂಕೊದಲ್ಲಿ ಮಲಗಿಸಿದರು. ಎತ್ತರಕ್ಕೆ ಹತ್ತು, ತಗ್ಗಿನಲ್ಲಿ ಮಲಗು. ಮೈ ಕಡಿಮೆ ಗಾಳಿಗೆ ಒಗ್ಗಬೇಕಾದರೆ ಇದೇ ಉಪಾಯ. ನಾಲ್ಕನೇ ದಿನ ಬರಾಂಕೊ ಗೋಡೆ. ಅಲ್ಲಿ ಮಾತ್ರ ಊರುಗೋಲು ಮಡಚಿಟ್ಟು ಕೈಕಾಲು ಎರಡನ್ನೂ ಬಳಸಿ ಹತ್ತಬೇಕು. ಒಂದು ಕಡೆ ಬಂಡೆಗೆ ಎದೆ ಅಂಟಿಸಿಕೊಂಡು ದಾಟಬೇಕು. ಕಾಕಾ ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಇಂಥ ಕಡೆ ಇಡು ಅಂತ ಇಟ್ಟರು. ಮಗಳು ಮಂಗನ ಹಾಗೆ ಸರಸರ ಹತ್ತಿಹೋದಳು.

ಕಾಕಾ ಮರಂಗು ಕಡೆಯವರು. ಚಿಕ್ಕ ವಯಸ್ಸಿನಲ್ಲಿ ಪೋರ್ಟರಾಗಿ ಮೂಟೆ ಹೊತ್ತು, ಆಮೇಲೆ ಪರೀಕ್ಷೆ ಬರೆದು ಗೈಡ್ ಆದವರು. 1889ರಲ್ಲಿ ಹಾನ್ಸ್ ಮೇಯರ್ ಮತ್ತು ಲುಡ್ವಿಗ್ ಪುರ್ಟ್‌ಶೆಲ್ಲರ್ ಈ ತುದಿಗೆ ಮೊದಲು ಹೋದದ್ದು ಎಲ್ಲರಿಗೂ ಗೊತ್ತು, ಅವರಿಗೆ ದಾರಿ ತೋರಿಸಿದವರು ನಮ್ಮೂರಿನ ಯೋಹಾನಿ ಕಿನ್ಯಾಲಾ ಲಾವೊ ಅಂತ ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು.

ದಿನವಿಡೀ ಅವರ ಬಾಯಲ್ಲಿ ಒಂದೇ ಮಾತು. ಪೋಲೆ ಪೋಲೆ. ನಿಧಾನ, ನಿಧಾನ. ಆದರೆ ಅದನ್ನೇ ಒಂದು ಸಲ ಮಾತ್ರ ಪೋಲೆ ಅಂದರೆ ಅರ್ಥ ಬೇರೆ. ಯಾರಿಗಾದರೂ ನೋವಾದಾಗ, ಎಡವಿದಾಗ, ಅಯ್ಯೋ ಪಾಪ ಅನ್ನುವ ಹಾಗೆ ಪೋಲೆ ಅನ್ನುತ್ತಾರೆ.

ದಿನಾ ಸಂಜೆ ಊಟದ ಟೆಂಟಿನಲ್ಲಿ ಅವರು ರಕ್ತದಲ್ಲಿ ಆಕ್ಸಿಜನ್ ನೂರಕ್ಕೆ ಎಷ್ಟಿದೆ ಅಂತ ನೋಡಲು ನಮ್ಮ ಬೆರಳಿಗೆ ಆಕ್ಸಿಮೀಟರ್ ಹಾಕುತ್ತಿದ್ದರು. ಎಷ್ಟು ಊಟ ಮಾಡಿದ್ರಿ, ಎಷ್ಟು ನೀರು ಕುಡಿದ್ರಿ, ಮೂತ್ರ ಸರಿಯಾಗಿ ಆಗ್ತಿದೆಯಾ, ತಲೆನೋವು ಇದೆಯಾ ಅಂತ ಒಂದೊಂದೇ ಕೇಳಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಬರಾಫು ಕ್ಯಾಂಪ್ 4,670 ಮೀಟರ್. ಅಲ್ಲಿ ನನ್ನದು 84, ಮಗಳದ್ದು 79. ಕಾಕಾ ಆ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿದರು. ತಲೆನೋವು ಅಂತ ಕೇಳಿದರು. ಇಲ್ಲ ಅಂದಳು. ಇತ್ತು ಅಂತ ನನಗೆ ಆಮೇಲೆ ಹೇಳಿದಳು.

ಹೊರಡುವುದು ರಾತ್ರಿ ಆರು ಗಂಟೆಗೆ ಅಂದರು ಕಾಕಾ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಗಾದಾಗಿನಿಂದ, ಕತ್ತಲಾದ ಮೇಲೆ ಮತ್ತೆ ಒಂದರಿಂದ. ಅವರ ರಾತ್ರಿ ಆರು ಅಂದರೆ ನಮ್ಮ 12. ನೀರಿನ ಬಾಟಲಿಗಳನ್ನು ಕಾಲುಚೀಲದಲ್ಲಿ ತುರುಕಿ ತಲೆಕೆಳಗಾಗಿ ಇಡಲು ಹೇಳಿದರು. ನೀರು ಮೇಲಿನಿಂದ ಹೆಪ್ಪುಗಟ್ಟುತ್ತೆ, ಹಾಗಿಟ್ಟರೆ ಮುಚ್ಚಳದ ಕಡೆ ಗಟ್ಟಿಯಾಗುವುದಿಲ್ಲ ಅಲ್ವಾ. ಐದು ಪದರ ಬಟ್ಟೆ ಹಾಕಿಕೊಂಡು ಹೊರಟೆವು.

ಮೊದಲ ಎರಡು ಗಂಟೆ ಚೆನ್ನಾಗಿತ್ತು. ಹೊಲಿಗೆ, ಹೆಜ್ಜೆ, ಉಸಿರು. ಆಮೇಲೆ ಮಗಳು ದಾರಿ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡಳು. "ಪೋಲೆ, ದಾದಾ" ಅಂದರು ಕಾಕಾ. ಬಾಯಿ ತೊಳೆಸಿ, ಶುಂಠಿ ಚಹಾ ಕುಡಿಸಿದರು. "ಈಗ ಪರವಾಗಿಲ್ಲ, ನಡಿಯೋಣ" ಅಂದಳು. ಎತ್ತರದಲ್ಲಿ ವಾಂತಿ ಆಗೋದು ಮಾಮೂಲಿ ಅಂತ ನಾನೂ ಓದಿದ್ದೆ.

ಅರ್ಧ ಗಂಟೆ ನಡೆದಿರಬೇಕು. ನನ್ನ ಮುಂದಿನ ಬೂಟು ಥಟ್ಟನೆ ನಿಂತಿತು. ಕಾಕಾ ಹಿಂದಕ್ಕೆ ತಿರುಗಿ ನೋಡಲಿಲ್ಲ. ತಲೆ ಸ್ವಲ್ಪ ವಾಲಿಸಿ ಕೇಳಿಸಿಕೊಳ್ಳುತ್ತಿದ್ದರು. ಅವರು ಕೇಳುತ್ತಿದ್ದದ್ದು ಮಗಳ ಹೆಜ್ಜೆಯ ಸದ್ದು. ಅಲ್ಲಿಯತನಕ ಚರಕ್, ಚರಕ್ ಅಂತ ಒಂದೇ ಸಮ ಬರುತ್ತಿದ್ದ ಸದ್ದು ಈಗ ಎಳೆದೆಳೆದು ಬರುತ್ತಿತ್ತು. ನಾನು ಅವಳ ತಾಯಿ. ಅವಳಿಂದ ಎರಡು ಮಾರು ದೂರದಲ್ಲಿದ್ದೆ. ನನಗೆ ಕೇಳಿಸಿರಲಿಲ್ಲ.

ಅವಳನ್ನು ಬಂಡೆಯ ಮರೆಯ ಸಮತಟ್ಟು ಜಾಗಕ್ಕೆ ಕರೆದುಕೊಂಡು ಹೋದರು. ಇವತ್ತು ಯಾವ ವಾರ ಅಂತ ಕೇಳಿದರು. ಅವಳು ಯೋಚಿಸಿ, ತಡವಾಗಿ, ಸರಿಯಾಗಿಯೇ ಹೇಳಿದಳು. ಆಮೇಲೆ ಊರುಗೋಲಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದರು. "ಈ ಗೆರೆ ಮೇಲೆ ಹತ್ತು ಹೆಜ್ಜೆ ನಡಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಬೇಕು." ಮೂರು ಟಾರ್ಚಿನ ಬೆಳಕು ಅವಳ ಕಾಲಿನ ಮೇಲೆ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಸ್ವಲ್ಪ ವಾಲಿದಳು. ಐದನೆಯದಕ್ಕೆ ಕಾಲು ಗೆರೆ ಬಿಟ್ಟು ಎಡಕ್ಕೆ ಹೋಯಿತು. ಸಹಾಯಕ ಗೈಡ್ ಹಿಡಿದುಕೊಂಡರು.

21 ಕಿಲೋಮೀಟರ್ ಓಡುವ ಕಾಲು ಅದು. ಬೆಟ್ಟದ ಕಾಯಿಲೆ ವಯಸ್ಸು ನೋಡುವುದಿಲ್ಲ, ಕಸುವು ನೋಡುವುದಿಲ್ಲ. ಗಟ್ಟಿಮುಟ್ಟಾದವರು ಬೇಗ ಹತ್ತಿಬಿಡುವುದರಿಂದ ಅವರಿಗೂ ಬರುತ್ತೆ. ಗಾಳಿ ತೆಳುವಾದಾಗ ಕೆಲವರ ಮೆದುಳು ಬಾತುಕೊಳ್ಳಲು ಶುರುವಾಗುತ್ತೆ, ಅದರ ಮೊದಲ ಗುರುತುಗಳಲ್ಲಿ ಒಂದು ಹೀಗೆ ನಡಿಗೆ ತಪ್ಪುವುದು. ಅದಕ್ಕೆ ನಿಜವಾದ ಔಷಧಿ ಇಳಿಯುವುದೊಂದೇ. ಇದನ್ನೆಲ್ಲ ಕಾಕಾ ಮೊದಲ ದಿನವೇ ನಮಗೆ ಹೇಳಿದ್ದರು.

ಒಂದು ಮಾತ್ರೆ ನುಂಗಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ದಾದಾ ಈಗಲೇ ಇಳಿಯಬೇಕು, ಮಾಮಾ. ಅದರಲ್ಲಿ ಮಾತಿಲ್ಲ. ನೀವು ಚೆನ್ನಾಗಿದ್ದೀರಿ. ಬೇಕಾದರೆ ನಿಮ್ಮನ್ನು ಇನ್ನೊಂದು ತಂಡದ ಗೈಡ್ ಜೊತೆ ಮೇಲೆ ಕಳಿಸ್ತೀನಿ, ನಾವಿಬ್ಬರೂ ಇವಳನ್ನು ಇಳಿಸ್ತೀವಿ."

ನಾವು ಸುಮಾರು 5,300 ಮೀಟರ್ ಮುಟ್ಟಿದ್ದೆವು. ತಲೆಯೆತ್ತಿ ನೋಡಿದೆ. ಮೇಲೆ ಹೋಗುತ್ತಿದ್ದವರ ಟಾರ್ಚುಗಳ ಸಾಲು ಕಾರ್ತಿಕದ ದೀಪದ ಹಾಗೆ ನಕ್ಷತ್ರದವರೆಗೂ ಹೋಗಿತ್ತು. ನನ್ನ ಕಾಲಲ್ಲಿ ಶಕ್ತಿ ಇತ್ತು. "ನೀನು ಹೋಗಮ್ಮ" ಅಂದಳು ಮಗಳು. ನಾಲಿಗೆ ತೊದಲುತ್ತಿತ್ತು. ಆ ತೊದಲು ಕೇಳಿದ ಮೇಲೆ ನನಗೆ ಮೇಲೆ ನೋಡಬೇಕು ಅನ್ನಿಸಲಿಲ್ಲ.

"ಇಳಿಯೋಣ" ಅಂದೆ.

ಕಾಕಾ ಒಂದು ಕಡೆ, ಸಹಾಯಕ ಗೈಡ್ ಇನ್ನೊಂದು ಕಡೆ ಅವಳ ತೋಳು ಹಿಡಿದರು. ಈಗ ಪೋಲೆ ಪೋಲೆ ಇರಲಿಲ್ಲ. ಜಾರುವ ಮಣ್ಣಿನಲ್ಲಿ ದಬದಬ ಇಳಿದೆವು. ನಾನು ಹಿಂದೆ ಬರುತ್ತಾ ಅವಳ ಹಿಮ್ಮಡಿಗಳನ್ನೇ ನೋಡುತ್ತಿದ್ದೆ. ಬರಾಫು ತಲುಪಿದಾಗ ಬೆಳಿಗ್ಗೆ ಐದು. ಟೆಂಟಿನೊಳಗೆ ಕೂರಿಸಿ ಆಕ್ಸಿಜನ್ ಕೊಟ್ಟರು. ಕಾಕಾ ಅವಳ ಬೂಟು ತಾವೇ ಬಿಚ್ಚಿ, ಕಾಲನ್ನು ಕಂಬಳಿಯಲ್ಲಿ ಸುತ್ತಿ, ಪಕ್ಕದಲ್ಲೇ ಕುಳಿತರು. ಅರ್ಧ ಗಂಟೆಯಲ್ಲಿ ಅವಳು "ಹಸಿವಾಗ್ತಿದೆ" ಅಂದಳು. ನನ್ನ ಜೀವನದಲ್ಲಿ ಅದಕ್ಕಿಂತ ಒಳ್ಳೆ ಮಾತು ನಾನು ಕೇಳಿಲ್ಲ.

ಆರೂವರೆ ಹೊತ್ತಿಗೆ ಮಾವೆಂಜಿ ಶಿಖರದ ಪಕ್ಕದಲ್ಲಿ ಸೂರ್ಯ ಹುಟ್ಟಿದ. ಎತ್ತರದಲ್ಲಿ ರೆಬ್ಮನ್ ಹಿಮನದಿಯ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತು. 1848ರಲ್ಲಿ ಯೋಹಾನೆಸ್ ರೆಬ್ಮನ್ ಅನ್ನೋ ಪಾದ್ರಿ ಇಲ್ಲಿ ಹಿಮ ಇದೆ ಅಂತ ಬರೆದಾಗ, ಭೂಮಧ್ಯರೇಖೆಯ ಹತ್ತಿರ ಹಿಮವೇ ಅಂತ ಯುರೋಪಿನ ಎಷ್ಟೋ ಪಂಡಿತರು ನಂಬಲಿಲ್ಲ. ಈಗ 1912ಕ್ಕೆ ಹೋಲಿಸಿದರೆ ನೂರರಲ್ಲಿ 80 ಪಾಲಿಗಿಂತ ಜಾಸ್ತಿ ಕರಗಿಹೋಗಿದೆ. ತುದಿ ಮುಟ್ಟದೆ ಬಂದಿದ್ದಕ್ಕೆ ಬೇಸರ ಆಯ್ತಾ ಅಂತ ಎಲ್ಲರೂ ಕೇಳುತ್ತಾರೆ. ಆಯ್ತು. ಆ ಹಿಮವನ್ನು ಹತ್ತಿರದಿಂದ ನೋಡಬೇಕಿತ್ತು ಅಂತ ಈಗಲೂ ಅನ್ನಿಸುತ್ತೆ. ನಾನು ಮತ್ತೆ ಹೋಗುವಷ್ಟರಲ್ಲಿ ಅದು ಇನ್ನೆಷ್ಟು ಉಳಿದಿರುತ್ತೋ.

ಅಡುಗೆಯವರು ಎರಡು ಬಟ್ಟಲು ರಾಗಿ ಗಂಜಿ ತಂದರು. ಒಂದಕ್ಕೆ ಸಕ್ಕರೆ, ಒಂದಕ್ಕೆ ಉಪ್ಪು. ಮಗಳು ನನ್ನ ಉಪ್ಪಿನ ಬಟ್ಟಲನ್ನೇ ತೆಗೆದುಕೊಂಡು ಪೂರ್ತಿ ಕುಡಿದಳು.

"ಸಾರಿ ಅಮ್ಮ. ತಲೆನೋವು ಇದೆ ಅಂತ ನಿನ್ನೆಯೇ ಹೇಳಬೇಕಿತ್ತು" ಅಂದಳು.

"ಕುಡಿ, ಆರಿಹೋಗುತ್ತೆ" ಅಂದೆ.

ಇನ್ನೂ ಕೆಳಗೆ, ಮ್ವೇಕಾ ಕ್ಯಾಂಪಿಗೆ ಇಳಿಯಬೇಕಿತ್ತು. ಪೋರ್ಟರುಗಳು ಆಗಲೇ ಮೂಟೆ ಕಟ್ಟುತ್ತಿದ್ದರು. ಕಾಕಾ ಟೆಂಟಿನ ಬಾಗಿಲಿಗೆ ಬಂದು ಅವಳನ್ನು ಹೊರಗೆ ಕರೆದರು. ಬಿಸಿಲಿನಲ್ಲಿ ಊರುಗೋಲಿನಿಂದ ಮತ್ತೆ ಒಂದು ಗೆರೆ ಎಳೆದರು. ಅವಳು ಬೂಟಿನ ದಾರ ಕಟ್ಟಿಕೊಂಡು ಗೆರೆಯ ಮೇಲೆ ನಿಂತಳು. ಪೋರ್ಟರುಗಳು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿದರು. ಕಾಕಾ ಸ್ವಾಹಿಲಿಯಲ್ಲಿ ಎಣಿಸಿದರು, ನಾನು ಮನಸ್ಸಿನಲ್ಲೇ ಕನ್ನಡದಲ್ಲಿ. ಹಿಮ್ಮಡಿಗೆ ಬೆರಳು, ಹಿಮ್ಮಡಿಗೆ ಬೆರಳು. ಏಳು, ಎಂಟು, ಒಂಬತ್ತು, ಹತ್ತು.

"ಸಾವಾ" ಅಂದರು ಕಾಕಾ. ಅಂದರೆ ಸರಿ ಅಂತ. ಬಗ್ಗಿ ತಮ್ಮ ಬೂಟಿನ ಧೂಳು ಕೊಡವಿ ಮುಂದೆ ನಡೆದರು. ಈ ಸಲ ಅವರ ಹಿಂದೆ ಮಗಳು, ಅವಳ ಹಿಂದೆ ನಾನು.